ತಿರುಗಾಟದಲ್ಲಿ ತೆಗೆದ ಚಿತ್ರದಿಂದ ಕೌದಿಗೆ ಏನನ್ನು ತೆಗೆದುಕೊಳ್ಳಬೇಕು?

ಮಲಪ್ರಭೆಯ ದಂಡೆ:

ಎಲ್ಲರಿಗೂ ನಮಸ್ಕಾರ. ವೃತ್ತಿಯಿಂದ ನಾನು ಛಾಯಾಗ್ರಾಹಕಿಯೂ ಅಲ್ಲ, ಹೊಲಿಗೆಯವಳೂ ಅಲ್ಲ. ರಜೆ ಸಿಕ್ಕಾಗ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಹೊರಡುವುದು, ಮನೆಯಲ್ಲಿ ಬಿಡುವಾದಾಗ ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಕೌದಿ ಹೊಲಿಯುವುದು, ಇವೆರಡೂ ಬಹಳ ವರ್ಷಗಳಿಂದ ಜೊತೆಜೊತೆಯಾಗಿ ಬಂದ ಹವ್ಯಾಸಗಳು. ಹಾಸಲು, ಹೊದೆಯಲು ಹೊಲಿಯುತ್ತಿದ್ದ ನಾನು ಈಚೆಗೆ ಗೋಡೆಗೆ ತೂಗುಹಾಕುವ ಕೌದಿಗಳತ್ತ ತಿರುಗಿದ್ದೇನೆ.

ಕಳೆದ ವಾರ ಬಾದಾಮಿ, ಪಟ್ಟದಕಲ್ಲು, ಐಹೊಳೆ ಸುತ್ತಿ ಬಂದೆ. ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ಪೂರ್ವ ದಂಡೆಯಲ್ಲಿರುವ ಭೂತನಾಥ ಗುಡಿಯ ಮೇಲೆ ಇಳಿಬಿಸಿಲು ಬಿದ್ದಾಗ ಕಲ್ಲು ಕೆಂಡದಂತೆ ಹೊಳೆಯುವುದನ್ನು ನೋಡಿದವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಆ ಚಿತ್ರ ಚೆನ್ನಾಗಿಯೇ ಬಂದಿದೆ. ಅದನ್ನು ಬಟ್ಟೆಗೆ ತರುವುದು ಹೇಗೆ ಎಂಬುದು ನನ್ನ ಮೊದಲ ಪ್ರಶ್ನೆ. ಗುಡಿ, ನೀರು, ಬಂಡೆ ಎಲ್ಲವನ್ನೂ ತುಂಡು ತುಂಡಾಗಿ ಕತ್ತರಿಸಿ ಜೋಡಿಸಬೇಕೋ, ಅಥವಾ ಚಿತ್ರದಿಂದ ಬೇರೇನನ್ನಾದರೂ ಎತ್ತಿಕೊಳ್ಳಬೇಕೋ?

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಐಹೊಳೆಯ ಓಣಿಯೊಂದರಲ್ಲಿ ಕಟ್ಟೆಯ ಮೇಲೆ ಒಣಹಾಕಿದ್ದ ಹಳೆಯ ಕೌದಿಯೊಂದರ ಚಿತ್ರ ತೆಗೆದಿದ್ದೇನೆ. ಮನೆಯವರನ್ನು ಕೇಳಿಯೇ ತೆಗೆದದ್ದು. ಅದರಲ್ಲಿ ತುಂಡುಗಳನ್ನು ಕೂಡಿಸಿದ ರೀತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಆ ಜೋಡಣೆಯನ್ನು ನನ್ನ ಕೌದಿಯಲ್ಲಿ ಬಳಸುವುದು ಸರಿಯೇ? ಅನುಭವವಿದ್ದವರು ದಯವಿಟ್ಟು ಬರೆಯಿರಿ.

ಕಪ್ಪುಬಿಳುಪು:

ಮೊದಲ ಪ್ರಶ್ನೆಗೆ ಉತ್ತರ ಕೊಡುವ ಮುನ್ನ ಒಂದು ಕೆಲಸ ಮಾಡಿ. ಭೂತನಾಥದ ಆ ಚಿತ್ರದಿಂದ ಬಣ್ಣವನ್ನು ಪೂರ್ತಿ ತೆಗೆದು ಕಪ್ಪುಬಿಳುಪಿನಲ್ಲಿ ನೋಡಿ. ಆಗಲೂ ಚಿತ್ರ ನಿಂತರೆ ಅದು ಕೌದಿಯಾಗಬಲ್ಲದು. ಬೂದು ಬೂದಾಗಿ ಕಲಸಿಹೋದರೆ ಅದರ ಸೊಗಸೆಲ್ಲ ಬಣ್ಣದಲ್ಲಿಯೇ ಇತ್ತು ಎಂದು ತಿಳಿಯಿರಿ. ಕೌದಿಯಲ್ಲಿ ಆಕಾರ ಕಾಣಿಸುವುದು ಗಾಢ ಮತ್ತು ತಿಳಿ ಬಟ್ಟೆಗಳ ಅಂತರದಿಂದ, ಬಣ್ಣದ ಹೆಸರಿನಿಂದಲ್ಲ. ಇಳಕಲ್ ಸೀರೆಯ ಕೆಂಪು ಸೆರಗನ್ನೂ ಎಲೆಹಸಿರು ಒಡಲನ್ನೂ ಪಕ್ಕಪಕ್ಕ ಇಟ್ಟು ಕಪ್ಪುಬಿಳುಪು ಚಿತ್ರ ತೆಗೆದರೆ ಎಷ್ಟೋ ಸಲ ಎರಡೂ ಒಂದೇ ಬೂದು ಆಗಿಬಿಡುತ್ತವೆ. ಹತ್ತಿರದಿಂದ ಕಣ್ಣು ಕುಕ್ಕುವ ಆ ಜೋಡಿ ಹತ್ತು ಅಡಿ ದೂರದಿಂದ ಮಂಕಾಗಿ ಕಾಣಲು ಇದೇ ಕಾರಣ.

ಸೂಜಿ ದಾರ:

ಕಪ್ಪುಬಿಳುಪು ಅವರ ಮಾತನ್ನು ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ನಮ್ಮ ಕಡೆಯ ಅಜ್ಜಿಯರು ಯಾರೂ ಚಿತ್ರ ನೋಡಿ ಕೌದಿ ಹೊಲಿಯಲಿಲ್ಲ. ಮನೆಯಲ್ಲಿ ಹರಿದ ಧೋತರ ಎಷ್ಟಿದೆ, ಯಾವ ಸೀರೆಯ ದಡಿ ಇನ್ನೂ ಗಟ್ಟಿಯಾಗಿದೆ, ಯಾವ ಕುಪ್ಪಸದ ತೋಳು ಮಾತ್ರ ಉಳಿದಿದೆ ಎಂಬುದೇ ವಿನ್ಯಾಸವನ್ನು ನಿರ್ಧರಿಸುತ್ತಿತ್ತು. ಬಟ್ಟೆ ಏನು ಹೇಳುತ್ತದೆ ಎಂದು ಕೇಳದೆ, ಚಿತ್ರ ಏನು ಹೇಳುತ್ತದೆ ಎಂದು ಮಾತ್ರ ಕೇಳಿದರೆ ಕೈಗೆ ಬರುವುದು ಬಟ್ಟೆಯಲ್ಲಿ ಮಾಡಿದ ಫೋಟೋ; ಕೌದಿಯಲ್ಲ. ಗುಡಿಯ ಶಿಖರವನ್ನು ಬಟ್ಟೆಯಲ್ಲಿ ಕತ್ತರಿಸಿ ಅಂಟಿಸುವ ಕೆಲಸಕ್ಕೆ ನಾನು ಸ್ಪಷ್ಟವಾಗಿ ವಿರೋಧಿ.

ಕಪ್ಪುಬಿಳುಪು:

ಸೂಜಿ ದಾರ ಅವರೇ, ಅಜ್ಜಿಯರು ಚಿತ್ರ ನೋಡಲಿಲ್ಲ ಎಂದ ಮಾತ್ರಕ್ಕೆ ಅವರು ಲೋಕವನ್ನು ನೋಡಲಿಲ್ಲ ಎಂದಾಗುವುದಿಲ್ಲವಲ್ಲ? ಧಾರವಾಡದ ಕಡೆಯ ಕಸೂತಿಯಲ್ಲಿ ಗೋಪುರ, ತೇರು, ಆನೆ, ತುಳಸಿಕಟ್ಟೆ ಇವೆಲ್ಲ ಎಲ್ಲಿಂದ ಬಂದವು? ಜಾತ್ರೆಗೆ ಹೋದಾಗ ಕಂಡ ತೇರನ್ನೇ ಮನೆಗೆ ಬಂದು ಎಳೆ ಎಣಿಸಿ ಗವಂತಿ, ಮುರ್ಗಿ ಹೊಲಿಗೆಯಲ್ಲಿ ಕೂರಿಸಿದರು. ನೋಡಿದ್ದನ್ನು ನೆನಪಿನಲ್ಲಿ ತಂದರು. ನಾವು ಕ್ಯಾಮೆರಾದಲ್ಲಿ ತರುತ್ತೇವೆ. ತಿರುಗಾಟದಿಂದ ಸ್ಫೂರ್ತಿ ಪಡೆಯುವುದು ಹೊಸದೇನೂ ಅಲ್ಲ.

ಸೂಜಿ ದಾರ:

ನೆನಪು ಬೇಡದ್ದನ್ನು ಬಿಡುತ್ತದೆ, ಕ್ಯಾಮೆರಾ ಏನನ್ನೂ ಬಿಡುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಕಸೂತಿಯ ತೇರಿನಲ್ಲಿ ಹಗ್ಗ ಎಳೆಯುವವರಿಲ್ಲ, ಧೂಳಿಲ್ಲ, ಬೆಂಡು ಬತ್ತಾಸಿನ ಅಂಗಡಿಯಿಲ್ಲ. ಬಟ್ಟೆಯ ಎಳೆಗೆ ಒಗ್ಗುವ ಅಡ್ಡ, ಉದ್ದ, ಓರೆ ಗೆರೆಗಳಷ್ಟೇ ಉಳಿದಿವೆ. ಕ್ಯಾಮೆರಾ ಬಿಡದೇ ಇದ್ದುದನ್ನು ನಾವಾಗಿಯೇ ಬಿಡಲು ಕಲಿಯಬೇಕು.

ಕಲ್ಲುಬಂಡೆ:

ಇಬ್ಬರೂ ಹೇಳುತ್ತಿರುವುದು ಒಂದೇ ಮಾತು ಎಂದು ನನಗನ್ನಿಸುತ್ತಿದೆ. ಮಲಪ್ರಭೆಯ ದಂಡೆ ಅವರೇ, ನೀವು ಐಹೊಳೆಗೆ ಹೋಗಿದ್ದಿರಲ್ಲ, ದುರ್ಗ ಗುಡಿಯ ಜಾಲಂಧ್ರಗಳ, ಅಂದರೆ ಕಲ್ಲಿನ ಜಾಲರಿ ಕಿಟಕಿಗಳ, ಚಿತ್ರ ತೆಗೆದಿರಾ?

ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿರುವ ಗಜಪೃಷ್ಠಾಕಾರದ ಆ ಗುಡಿಯ ಪ್ರದಕ್ಷಿಣಾ ಪಥದಲ್ಲಿ ನಡೆಯುವಾಗ ಎಲ್ಲರ ಕಣ್ಣೂ ಗೂಡುಗಳಲ್ಲಿರುವ ಮಹಿಷಮರ್ದಿನಿ, ವರಾಹ, ನರಸಿಂಹ ಶಿಲ್ಪಗಳ ಕಡೆಗೇ ಹೋಗುತ್ತದೆ. ಶಿಲ್ಪಗಳ ನಡುವೆ ಕಲ್ಲನ್ನು ಕೊರೆದು ಮಾಡಿದ ಕಿಟಕಿಗಳಿವೆ. ಒಂದರಲ್ಲಿ ಚಕ್ರ, ಇನ್ನೊಂದರಲ್ಲಿ ಚೌಕಗಳ ಹೆಣಿಗೆ, ಹೀಗೆ ವಿನ್ಯಾಸ ಬೇರೆ ಬೇರೆ. ಕೌದಿ ಹೊಲಿಯುವವರಿಗೆ ಶಿಲ್ಪಗಳಿಗಿಂತ ಈ ಕಿಟಕಿಗಳೇ ಹೆಚ್ಚು ಕೊಡುತ್ತವೆ ಎಂಬುದು ನನ್ನ ಅಭಿಪ್ರಾಯ. ಅವುಗಳನ್ನು ಹೊರಗಿನಿಂದ ನೋಡಿದರೆ ಕಲ್ಲು ತಿಳಿಯಾಗಿ, ರಂಧ್ರ ಕಪ್ಪಾಗಿ ಕಾಣುತ್ತದೆ. ಕತ್ತಲೆಯ ಕಡೆಯಿಂದ ಹೊರಗಿನ ಬೆಳಕಿಗೆ ಮುಖಮಾಡಿ ನೋಡಿದರೆ ಕಲ್ಲು ಕಪ್ಪಾಗಿ ರಂಧ್ರವೇ ಬೆಳಗುತ್ತದೆ. ಒಂದೇ ವಿನ್ಯಾಸ, ಎರಡು ಕೌದಿ. ಎರಡೇ ಬಗೆಯ ಬಟ್ಟೆ ಸಾಕು. ಸೂಜಿ ದಾರ ಅವರು ಕೇಳುವ ಬಿಡುವ ಕೆಲಸವನ್ನು ಶಿಲ್ಪಿ ಬಹಳ ಹಿಂದೆಯೇ ಮಾಡಿ ಮುಗಿಸಿದ್ದಾನೆ.

ಹೊರಗಿನ ಬೆಳಕಿಗೆ ಎದುರಾಗಿ ಚಿತ್ರ ತೆಗೆಯುವಾಗ ಬೆಳಕಿನ ಅಳತೆಯನ್ನು ರಂಧ್ರದ ಮೇಲೆಯೇ ಮಾಡಿ. ಇಲ್ಲದಿದ್ದರೆ ಕ್ಯಾಮೆರಾ ಕಲ್ಲಿನ ವಿವರ ಹುಡುಕಲು ಹೋಗಿ ರಂಧ್ರದ ಅಂಚುಗಳನ್ನೆಲ್ಲ ಬಿಳಿಯಾಗಿ ಕರಗಿಸಿಬಿಡುತ್ತದೆ. ಕೌದಿಗೆ ಬೇಕಾಗಿರುವುದೇ ಆ ಅಂಚು.

ಹಳೇ ಕ್ಯಾಮೆರಾ:

ಹಂಪಿಯನ್ನು ಯಾರೂ ಹೆಸರಿಸಲಿಲ್ಲವೇಕೆ? ರಾಜಾಂಗಣದ ಮೆಟ್ಟಿಲು ಪುಷ್ಕರಣಿಯ ಗ್ರಾನೈಟ್ ಮೆಟ್ಟಿಲುಗಳಲ್ಲಿ ನೂರಾರು ತ್ರಿಕೋನಗಳು ಸಿದ್ಧವಾಗಿಯೇ ಇವೆ.

ಕಲ್ಲುಬಂಡೆ:

ಒಂದು ತಿದ್ದುಪಡಿ. ಹಂಪಿಯ ಹೆಚ್ಚಿನ ಕಟ್ಟಡಗಳು ಗ್ರಾನೈಟಿನವು ನಿಜ, ಆದರೆ ಆ ಪುಷ್ಕರಣಿ ಕಟ್ಟಿರುವುದು ನಯವಾಗಿ ಕಡೆದ ಕಪ್ಪು ಛಾಯೆಯ ಮೃದು ಶಿಲೆಯಿಂದ. 1980ರ ದಶಕದಲ್ಲಿ ಉತ್ಖನನ ಮಾಡಿದಾಗ ಅದು ಬೆಳಕಿಗೆ ಬಂತು. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ತೆಗೆದರೆ ಮೆಟ್ಟಿಲುಗಳು ಚಪ್ಪಟೆಯಾಗುತ್ತವೆ. ಬೆಳಿಗ್ಗೆ ಅಥವಾ ಸಂಜೆ ಒಂದು ಮಗ್ಗುಲಿನ ಮೆಟ್ಟಿಲುಗಳ ಮೇಲೆ ಬೆಳಕು, ಇನ್ನೊಂದರ ಮೇಲೆ ನೆರಳು ಬಿದ್ದಾಗ ತ್ರಿಕೋನಗಳು ತಾವಾಗಿಯೇ ಎದ್ದು ನಿಲ್ಲುತ್ತವೆ.

ಅಲ್ಲಿ ಬಗ್ಗಿ ನೋಡಬೇಕಾದ ಇನ್ನೊಂದು ಸಂಗತಿ ಇದೆ. ಕಲ್ಲುಗಳ ಮೇಲೆ ಚಿಕ್ಕ ಚಿಕ್ಕ ಅಕ್ಷರ, ಅಂಕೆಗಳನ್ನು ಕೊರೆದಿದ್ದಾರೆ. ಯಾವ ದಿಕ್ಕಿನ ಕಲ್ಲು, ಯಾವ ಸಾಲಿನದು, ಸಾಲಿನಲ್ಲಿ ಎಷ್ಟನೆಯದು ಎಂಬ ಗುರುತು ಅದು. ಕಲ್ಲುಗಳನ್ನು ಬೇರೆಡೆ ಅಳತೆಗೆ ಸರಿಯಾಗಿ ಕಡೆದು, ಇಲ್ಲಿಗೆ ತಂದು ಗುರುತು ನೋಡಿ ಕೂಡಿಸಿದ್ದಾರೆ. ನಾವು ಕತ್ತರಿಸಿದ ತುಂಡುಗಳ ಹಿಂಬದಿಗೆ ಸಾಲು, ಸ್ಥಾನ ಬರೆದ ಚೀಟಿ ಚುಚ್ಚಿಡುವ ಕೆಲಸವನ್ನು ಅವರು ಕಲ್ಲಿನಲ್ಲಿ ಮಾಡಿದ್ದರು.

ಹಳೇ ಕ್ಯಾಮೆರಾ:

ತಿದ್ದಿದ್ದಕ್ಕೆ ಧನ್ಯವಾದ. ಆ ಗುರುತುಗಳನ್ನು ಹತ್ತಿರದಿಂದ ನೋಡಲು ಇನ್ನೊಮ್ಮೆ ಹೋಗಲೇಬೇಕು.

ಗುಳೇದಗುಡ್ಡದ ಸೊಸೆ:

ಬಣ್ಣದ ವಿಷಯದಲ್ಲಿ ಒಂದು ಮಾತು. ಬಾದಾಮಿಯ ಕೆಂಪನ್ನು ಫೋಟೋ ನೋಡಿ ಬಟ್ಟೆಯಲ್ಲಿ ಹುಡುಕಲು ಹೋಗಬೇಡಿ. ಕ್ಯಾಮೆರಾದ ಬಿಳಿ ಸಮತೋಲವನ್ನು (ವೈಟ್ ಬ್ಯಾಲೆನ್ಸ್) ಸ್ವಯಂಚಾಲಿತವಾಗಿ ಬಿಟ್ಟರೆ ಅದು ಸಂಜೆಯ ಕೆಂಪನ್ನು ದೋಷವೆಂದು ಭಾವಿಸಿ ತಣ್ಣಗೆ ಮಾಡಿಬಿಡುತ್ತದೆ. ಅದರ ಮೇಲೆ ಮೊಬೈಲ್ ಪರದೆ ತನ್ನದೊಂದು ಬಣ್ಣ ಸೇರಿಸುತ್ತದೆ. ನಾನು ಪ್ರವಾಸಕ್ಕೆ ಹೊರಡುವಾಗ ಮನೆಯಲ್ಲಿರುವ ಬಟ್ಟೆಗಳ ಅಂಗುಲದಷ್ಟು ತುಂಡುಗಳನ್ನು ಒಂದು ರಟ್ಟಿಗೆ ಸಾಲಾಗಿ ಹೊಲಿದು ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಮೂರನೆಯ ಗುಹೆಯ ಎದುರು ನಿಂತು ರಟ್ಟನ್ನು ಕಲ್ಲಿನ ಪಕ್ಕ ಹಿಡಿದು ನೋಡಿದಾಗ ತಿಳಿಯಿತು: ನಾನು ಕೆಂಪು ಎಂದುಕೊಂಡಿದ್ದ ಕಲ್ಲಿಗೆ ಅತ್ಯಂತ ಹತ್ತಿರವಾದದ್ದು ತೊಳೆದು ತೊಳೆದು ಮಾಸಿದ ಕಾವಿ ಬಣ್ಣದ ಒಂದು ಹಳೆಯ ಪಂಚೆ. ಹೊಸ ಕೆಂಪು ಬಟ್ಟೆ ಯಾವುದೂ ಹತ್ತಿರ ಸುಳಿಯಲಿಲ್ಲ. 578ರ ಶಾಸನವಿರುವ ಗುಹೆ ಅದು. ಅಷ್ಟು ಹಳೆಯ ಕಲ್ಲಿಗೆ ಹಳೆಯ ಬಟ್ಟೆಯೇ ಸರಿಹೊಂದಿತು ಎಂಬುದು ನನಗೆ ಬಹಳ ಸಂತೋಷ ಕೊಟ್ಟಿತು.

ಗುಹೆಗಳು ಉತ್ತರಕ್ಕೆ ಮುಖಮಾಡಿರುವುದರಿಂದ ಒಳಗಿನ ಬೆಳಕು ಬಹುಮಟ್ಟಿಗೆ ಪ್ರತಿಫಲಿಸಿ ಬಂದ ಬೆಳಕು. ಗುಹೆಯ ಒಳಗೆ ಒಂದು ಕೆಂಪು, ಹೊರಗಿನ ಬಂಡೆಯಲ್ಲಿ ಇನ್ನೊಂದು ಕೆಂಪು. ಎರಡನ್ನೂ ರಟ್ಟಿನ ಜೊತೆ ಹೋಲಿಸಿ ಬರೆದುಕೊಳ್ಳಿ.

ಮಲಪ್ರಭೆಯ ದಂಡೆ:

ರಟ್ಟಿನ ಉಪಾಯ ಬಹಳ ಹಿಡಿಸಿತು. ದುರ್ಗ ಗುಡಿಯ ಜಾಲಂಧ್ರಗಳ ಚಿತ್ರಗಳೂ ನನ್ನಲ್ಲಿವೆ. ಕಪ್ಪುಬಿಳುಪು ಮಾಡಿ ನೋಡಿದೆ. ಭೂತನಾಥದ ಚಿತ್ರ ಅರ್ಧಕ್ಕರ್ಧ ಬೂದಾಯಿತು, ಚಕ್ರದ ಕಿಟಕಿ ಮಾತ್ರ ಗಟ್ಟಿಯಾಗಿ ನಿಂತಿತು. ಎರಡನೆಯ ಪ್ರಶ್ನೆಯ ಬಗ್ಗೆಯೂ ಯಾರಾದರೂ ಬರೆದರೆ ಉಪಕಾರವಾಗುತ್ತದೆ.

ಯಲ್ಲಾಪುರದ ದಾರಿ:

ಈ ಪ್ರಶ್ನೆ ಯಾರಾದರೂ ಎತ್ತಲಿ ಎಂದೇ ಕಾಯುತ್ತಿದ್ದೆ. ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದಲ್ಲಿ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳನ್ನು ನೋಡಲು ಈಗ ದೂರದೂರದಿಂದ ಜನ ಬರುತ್ತಾರೆ. ಬೇಲಿಯ ಮೇಲೆ ಹರವಿದ ಕೌದಿಯ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಹೊಲಿದವಳು ಯಾರು ಎಂದು ಕೇಳುವವರು ಕಡಿಮೆ. ಸ್ವಲ್ಪ ದಿನ ಕಳೆದ ಮೇಲೆ ಅದೇ ಜೋಡಣೆ ಯಾವುದೋ ಅಂಗಡಿಯಲ್ಲಿ ಹಾಸುಬಟ್ಟೆಯಾಗಿ ಮಾರಾಟಕ್ಕೆ ಬಂದರೆ ಅದನ್ನು ಸ್ಫೂರ್ತಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಆ ಕೌದಿಗಳನ್ನು ಸ್ವಲ್ಪ ಹೊತ್ತು ನೋಡಿ. ಹೊಲಿಗೆ ಅಂಚಿನಿಂದ ಆರಂಭವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತದೆ. ನಾಲ್ಕೂ ಮೂಲೆಗಳಲ್ಲಿ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಕೂರಿಸಿದ ತ್ರಿಕೋನಗಳಿರುತ್ತವೆ. ಅವುಗಳನ್ನು ಫುಲಾ ಎನ್ನುತ್ತಾರೆ. ಫುಲಾ ಇಲ್ಲದಿದ್ದರೆ ಕೌದಿ ಪೂರ್ತಿಯಾದಂತೆ ಲೆಕ್ಕವಿಲ್ಲ. ಹೊದ್ದುಕೊಂಡಾಗ ಮೂಲೆಗೆ ಆ ಫುಲಾದಿಂದ ಏನೂ ಹೆಚ್ಚು ಬೆಚ್ಚಗಾಗುವುದಿಲ್ಲ. ಹಾಗಿದ್ದರೂ ಅವರು ಅದನ್ನು ಬಿಡುವುದಿಲ್ಲ, ಏಕೆಂದರೆ ಅದು ಅವರ ಕೈಯ ಗುರುತು. ಅದನ್ನು ನಾವು ಎತ್ತಿಕೊಂಡು ನಮ್ಮ ಕೌದಿಯ ಮೂಲೆಗೆ ಅಂಟಿಸಿದರೆ ಏನನ್ನು ಎತ್ತಿಕೊಂಡೆವು ಎಂಬುದರ ಅರಿವಾದರೂ ಇರಬೇಕು.

ಹಳೇ ಕ್ಯಾಮೆರಾ:

ಚೌಕ, ತ್ರಿಕೋನಗಳಿಗೆ ಒಡೆಯರಿದ್ದಾರೆಯೇ? ಯಾರ ಕೌದಿಯಲ್ಲಿ ಚೌಕವಿಲ್ಲ ಹೇಳಿ. ಹೀಗೆ ತಡೆಯುತ್ತ ಹೋದರೆ ಯಾರೂ ಏನನ್ನೂ ಹೊಲಿಯುವಂತಿಲ್ಲ.

ಯಲ್ಲಾಪುರದ ದಾರಿ:

ಚೌಕಕ್ಕೆ ಒಡೆಯರಿಲ್ಲ, ಒಪ್ಪಿದೆ. ಆದರೆ ಒಬ್ಬಾಕೆ ಯಾವ ಚೌಕದ ಪಕ್ಕ ಯಾವ ದಡಿಯನ್ನು, ಎಷ್ಟು ಅಗಲಕ್ಕೆ, ಏಕೆ ಇಟ್ಟಳು ಎಂಬುದು ಆಕೆಯ ತೀರ್ಮಾನ. ನಾನು ವಿರೋಧಿಸುತ್ತಿರುವುದು ತೀರ್ಮಾನವನ್ನು ಇಡಿಯಾಗಿ ನಕಲಿಸಿ ಹೆಸರು ಹೇಳದೆ ಮಾರುವುದನ್ನು.

ದೂರದೇಶಿ:

ನಾನು ಅಮೆರಿಕದಲ್ಲಿರುವ ಧಾರವಾಡದವಳು. ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಜನಾಂಗದ ಹೆಣ್ಣುಮಕ್ಕಳೂ ಹಳೆಯ ಕೆಲಸದ ಉಡುಪು, ಜೀನ್ಸ್ ತುಂಡುಗಳಿಂದ ಕೌದಿ ಹೊಲಿಯುತ್ತ ಬಂದವರು. 2002ರಲ್ಲಿ ಹ್ಯೂಸ್ಟನ್‌ನ ಕಲಾ ಸಂಗ್ರಹಾಲಯದಲ್ಲಿ ಅವರ ಕೌದಿಗಳ ಪ್ರದರ್ಶನ ನಡೆಯಿತು, 2006ರಲ್ಲಿ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿಗಳನ್ನು ಹೊರತಂದಿತು. ಸಂಗ್ರಹಾಲಯದಲ್ಲಿ ಅಂಥ ಕೌದಿಯೊಂದರ ಎದುರು ನಿಂತಾಗ ನನಗೆ ಮೊದಲು ಕಂಡದ್ದು ಪಕ್ಕದ ಫಲಕದಲ್ಲಿದ್ದ ಹೆಸರು: ಹೊಲಿದವಳ ಹೆಸರು, ಹುಟ್ಟಿದ ವರ್ಷ. ನಮ್ಮ ಮನೆಗಳಲ್ಲಿ ಮೂರು ತಲೆಮಾರು ಹೊದ್ದ ಕೌದಿಯನ್ನು ಹೊಲಿದವರು ಯಾರು ಎಂದು ಕೇಳಿದರೆ ಬಹಳ ಕಡೆ ಉತ್ತರವೇ ಸಿಗುವುದಿಲ್ಲ. ಮಲಪ್ರಭೆಯ ದಂಡೆ ಅವರು ಐಹೊಳೆಯ ಆ ಮನೆಗೆ ಮತ್ತೆ ಹೋದರೆ ಹೊಲಿದವರ ಹೆಸರು ಕೇಳಿ ಬರೆದಿಟ್ಟುಕೊಳ್ಳಲಿ. ಅದನ್ನು ಹೊರಗೆ ಹೇಳಬಹುದೇ ಎಂದು ಅವರನ್ನೇ ಕೇಳಲಿ.

ಸಂಡೂರು ಸುತ್ತಮುತ್ತ:

2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಕಾರ್ಯಪಡೆಯ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1755 ತೇಪೆ ಕಸೂತಿಯ ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕವೂ (ಜಿಐ ಟ್ಯಾಗ್) ಇದೆ. ಇಂಥ ರಕ್ಷಣೆ ಇರುವಾಗ ಚಿಂತೆಯೇನು?

ಯಲ್ಲಾಪುರದ ದಾರಿ:

ಭೌಗೋಳಿಕ ಸೂಚಕ ಕಾಯುವುದು ಹೆಸರನ್ನು ಮತ್ತು ಮೂಲವನ್ನು. ಬೇರೆಲ್ಲೋ ಮಾಡಿದ್ದನ್ನು ಆ ಹೆಸರಿನಲ್ಲಿ ಮಾರಬಾರದು ಎನ್ನುತ್ತದೆ ಅಷ್ಟೆ. ಒಬ್ಬ ಅಜ್ಜಿಯ ಒಂದು ಕೌದಿಯ ಜೋಡಣೆಯನ್ನು ಅದು ಕಾಯುವುದಿಲ್ಲ. ಅಲ್ಲಿ ನಮ್ಮ ನಡತೆಯೇ ಗತಿ.

ಸೂಜಿ ದಾರ:

ಇನ್ನೊಂದು ದಿಕ್ಕಿನಿಂದ ನೋಡೋಣ. ಮಲಪ್ರಭೆಯ ದಂಡೆ ಅವರೇ, ಆ ಕೌದಿಯಲ್ಲಿ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ನಿರ್ದಿಷ್ಟವಾಗಿ ಯಾವುದು?

ಮಲಪ್ರಭೆಯ ದಂಡೆ:

ಚಿತ್ರವನ್ನು ದೊಡ್ಡದು ಮಾಡಿ ಈಗಷ್ಟೇ ಮತ್ತೆ ನೋಡಿದೆ. ನಡುವೆ ಮಾಸಿದ ಧೋತರದ ದೊಡ್ಡ ತುಂಡುಗಳಿವೆ. ಅವುಗಳ ಸುತ್ತ ಹಳೆಯ ಇಳಕಲ್ ಸೀರೆಯ ಗೋಮಿ ಎಂಬ ವಿನ್ಯಾಸದ ದಡಿಯನ್ನು ಸುತ್ತಿಸಿದ್ದಾರೆ. ಮೂರು ಮಗ್ಗುಲು ಸುತ್ತಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ದಡಿ ಸಾಲದೆ ಹೋಗಿದೆ. ಉಳಿದ ಒಂದೂವರೆ ಗೇಣಿನಷ್ಟು ಜಾಗಕ್ಕೆ ಕುಪ್ಪಸದ ಬಟ್ಟೆಯಾದ ಗುಳೇದಗುಡ್ಡದ ಖಣದ ಒಂದು ತುಂಡನ್ನು ಇಟ್ಟಿದ್ದಾರೆ. ಖಣದ ಬಣ್ಣ ದಡಿಗೆ ಹೊಂದುವುದಿಲ್ಲ. ಆದರೆ ಅದೇ ಬಣ್ಣದ ಸಣ್ಣ ಚೌಕವೊಂದನ್ನು ಓರೆಯಾಗಿ ಎದುರು ಮೂಲೆಯಲ್ಲಿಯೂ ಇಟ್ಟಿದ್ದಾರೆ. ಅಲ್ಲಿ ತೇಪೆಯ ಅಗತ್ಯವೇ ಇರಲಿಲ್ಲ. ಕೊರತೆಯಿಂದ ಬಂದ ತುಂಡಿಗೆ ಒಂದು ಜೊತೆ ಕೊಟ್ಟು ಅದನ್ನು ವಿನ್ಯಾಸವಾಗಿಸಿದ್ದಾರೆ. ನನ್ನನ್ನು ಹಿಡಿದದ್ದು ಅದೇ.

ಸೂಜಿ ದಾರ:

ಹಾಗಾದರೆ ನಿಮಗೆ ಉತ್ತರ ಸಿಕ್ಕಿದೆ. ಆ ಗೋಮಿ ದಡಿ, ಆ ಖಣ, ಆ ಮೂಲೆ ಅವರದೇ ಆಗಿರಲಿ. ಬಟ್ಟೆ ಸಾಲದೆ ಹೋದ ಕಡೆ ಇನ್ನೊಂದನ್ನು ಇಟ್ಟು, ಅದಕ್ಕೆ ಎದುರಿನಲ್ಲಿ ಉತ್ತರ ಕೊಡುವ ಬಗೆಯನ್ನು ಮಾತ್ರ ಕಲಿಯಿರಿ. ನಿಮ್ಮ ಮನೆಯ ಬಟ್ಟೆ ಬೇರೆ ಕಡೆ ಸಾಲದೆ ಹೋಗುತ್ತದೆ, ಆಗ ನಿಮ್ಮ ತೀರ್ಮಾನವೂ ಬೇರೆಯಾಗುತ್ತದೆ.

ಕಪ್ಪುಬಿಳುಪು:

ಸೂಜಿ ದಾರ ಅವರ ಈ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಚಿತ್ರ ತೆಗೆಯುವಾಗಲೂ ಇದನ್ನೇ ಮಾಡಬಹುದು. ಇಡೀ ಕೌದಿಯ ಒಂದು ಚಿತ್ರ ಸಾಕು. ಉಳಿದ ಚಿತ್ರಗಳು ಒಂದು ಬಟ್ಟೆ ಮುಗಿದು ಇನ್ನೊಂದು ಶುರುವಾಗುವ ಕಡೆಗಳದ್ದಾಗಿರಲಿ.

ಬಡಾವಣೆಯ ಬೆಳಕು:

ನಮ್ಮ ಅಜ್ಜಿ ಕೌದಿಯ ಹೊಲಿಗೆ ನಡುವಿಗೆ ಬಂದು ಮುಚ್ಚುವ ಮುನ್ನ ಒಳಗೆ ಹೋಳಿಗೆಯ ಚೂರು ಇಡುತ್ತಿದ್ದರು, ಕೌದಿಯ ಹೊಟ್ಟೆ ಬರಿದಾಗಿರಬಾರದು ಎನ್ನುತ್ತಿದ್ದರು. ಬೇರೆಯವರ ಮನೆಯಲ್ಲಿಯೂ ಇದೆಯೇ?

ಯಲ್ಲಾಪುರದ ದಾರಿ:

ಸಿದ್ದಿ ಕೌದಿಗಳಲ್ಲಿ ಅಕ್ಕಿಯ ಕಾಳು ಇಡುವ ರೂಢಿ ಇದೆ.

ಗುಳೇದಗುಡ್ಡದ ಸೊಸೆ:

ಮಲಪ್ರಭೆಯ ದಂಡೆ ಅವರೇ, ಚಕ್ರದ ಕಿಟಕಿಗೆ ಯಾವ ಬಟ್ಟೆ ಬಳಸುತ್ತೀರಿ? ಖಣ ಬಳಸುವುದಾದರೆ ಎಚ್ಚರಿಕೆ ಇರಲಿ. ರೇಷ್ಮೆ ಎಳೆ ಬೆರೆತ ಖಣ ಮತ್ತು ಬರೀ ಹತ್ತಿ ಒಂದೇ ರೀತಿ ಕುಗ್ಗುವುದಿಲ್ಲ. ಮೊದಲೇ ತೊಳೆಯದೆ ಜೋಡಿಸಿದರೆ ಮೊದಲ ಒಗೆತದಲ್ಲಿಯೇ ಕೂಡುಗೆರೆ ಸುಕ್ಕಾಗುತ್ತದೆ.

ಹಳೇ ಕ್ಯಾಮೆರಾ:

ಕೆಂಪು ಬಣ್ಣ ಬಿಡುತ್ತದೆ ಎಂಬ ಭಯವಿದ್ದರೆ ಉಪ್ಪು ಅಥವಾ ವಿನೆಗರ್ ಹಾಕಿದ ನೀರಿನಲ್ಲಿ ನೆನೆಸಿ, ನಿಂತುಬಿಡುತ್ತದೆ.

ಗುಳೇದಗುಡ್ಡದ ಸೊಸೆ:

ನಿಲ್ಲುವುದಿಲ್ಲ. ಮೊದಲೇ ಬಣ್ಣ ಹಾಕಿ ಮುಗಿಸಿದ ಹತ್ತಿ ಬಟ್ಟೆಯ ಬಣ್ಣವನ್ನು ಉಪ್ಪಾಗಲಿ ವಿನೆಗರ್ ಆಗಲಿ ಕಟ್ಟಿಹಾಕಲಾರವು. ಎಲ್ಲ ಕಡೆ ಕೇಳಿಬರುವ ಈ ಸಲಹೆಯನ್ನು ನಂಬಿ ಬಿಳಿ ಧೋತರದ ಪಕ್ಕ ಕೆಂಪು ಸೆರಗನ್ನು ಹೊಲಿದವರು ಆಮೇಲೆ ಪೇಚಾಡುತ್ತಾರೆ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಕೆಂಪು ಬಟ್ಟೆಯನ್ನು ಗಟ್ಟಿಯಾಗಿ ಒತ್ತಿ ಉಜ್ಜಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ ನೀರು ತಿಳಿಯಾಗುವವರೆಗೂ ತೊಳೆಯಿರಿ. ಆಮೇಲೂ ಹತ್ತುತ್ತಿದ್ದರೆ ಆ ಬಟ್ಟೆಯನ್ನು ಗಾಢ ಬಣ್ಣಗಳ ಜೊತೆಗೆ ಮಾತ್ರ ಸೇರಿಸಿ.

ಮಲಪ್ರಭೆಯ ದಂಡೆ:

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಕಿಟಕಿಯ ಕಲ್ಲಿಗೆ ನಮ್ಮ ತಂದೆಯವರ ಹಳೆಯ ಧೋತರಗಳು, ರಂಧ್ರಗಳಿಗೆ ಇಳಕಲ್ ಸೀರೆಯ ಒಡಲಿನ ಗಾಢ ನೀಲಿ ಎಂದು ತೀರ್ಮಾನಿಸಿದ್ದೇನೆ. ಇದು ಹೊರಗಿನಿಂದ ಕಂಡ ಕಿಟಕಿ. ಇನ್ನೊಂದನ್ನು ಬಟ್ಟೆ ಉಳಿದರೆ ಹೊಲಿಯುತ್ತೇನೆ. ಚಕ್ರದ ಕಾಲುಗಳು ಮಧ್ಯದಲ್ಲಿ ಕೂಡುವ ಕಡೆ ಕೂಡುಗೆರೆಗಳೆಲ್ಲ ಒಂದೇ ಬಿಂದುವಿಗೆ ಬಂದು ದಪ್ಪವಾಗುತ್ತವೆಯಲ್ಲ, ಅದಕ್ಕೆ ಏನು ಮಾಡುತ್ತೀರಿ?

ಸೂಜಿ ದಾರ:

ಕೂಡುಗೆರೆಗಳನ್ನೆಲ್ಲ ಒಂದೇ ದಿಕ್ಕಿಗೆ, ಗಿರಕಿ ತಿರುಗಿದಂತೆ ಮಡಚಿ ಇಸ್ತ್ರಿ ಮಾಡಿ. ಆಗಲೂ ದಪ್ಪವೆನಿಸಿದರೆ ಮಧ್ಯದ ಬಿಂದುವನ್ನು ಒಂದು ದುಂಡನೆಯ ತುಂಡಿನಿಂದ ಮುಚ್ಚಿಬಿಡಿ. ಕಲ್ಲಿನ ಚಕ್ರದಲ್ಲಿಯೂ ನಡುವೆ ಕಾಲುಗಳು ಕೂಡುವ ದುಂಡನೆಯ ಗುಂಭವಿರುತ್ತದೆ, ನಿಮ್ಮ ಚಿತ್ರವನ್ನೇ ಇನ್ನೊಮ್ಮೆ ನೋಡಿ.